ಅಳಿಯನ ತಟ್ಟೆ

ಅಳಿಯ ಎರಡನೇ ಸಲ ಅನ್ನ ಹಾಕಿಸಿಕೊಂಡ ಕೂಡಲೇ ಮಾವನ ಮುಖ ಅರಳಿತು. ಮೂರನೇ ಸಲ ತಟ್ಟೆ ಮುಂದೆ ಚಾಚಿದಾಗ ಮಾವ ತನ್ನ ಊಟವನ್ನು ಅರ್ಧಕ್ಕೇ ಬಿಟ್ಟು ಎದ್ದು, ಕೈ ತೊಳೆದು, ಚಪ್ಪಲಿ ಮೆಟ್ಟಿಕೊಂಡ.

"ಮೀನು ಇನ್ನೂ ಇದೆ ರೀ, ಕೂತ್ಕೊಳ್ಳಿ," ಎಂದು ಹೆಂಡತಿ ಕೂಗಿದಳು.

"ಅಳಿಯಂದಿರಿಗೆ ಹಾಕು. ಕೈ ಬಿಗಿ ಹಿಡೀಬೇಡ, ಧಾರಾಳವಾಗಿ ಹಾಕು."

"ಅಂಗಡಿ ತೆಗೆಯೋಕೆ ಇನ್ನೂ ಹೊತ್ತಿದೆಯಲ್ಲ!"

ಅಷ್ಟರಲ್ಲಿ ಅವನು ಗೇಟು ದಾಟಿದ್ದ. ಮೂಲೆಯ ಮಂಚದ ಮೇಲೆ ಕೂತಿದ್ದ ಅಜ್ಜಿ, ಅಂದರೆ ಅವನ ತಾಯಿ, ಬಟ್ಟಲಿನಿಂದ ತಲೆ ಎತ್ತದೆ ಹೇಳಿದಳು: "ಬಿಡೇ ಅವನನ್ನ. ಅಳಿಯ ಉಂಡರೆ ಅವನಿಗೆ ಹೊಟ್ಟೆ ತುಂಬುತ್ತೆ ಈಗೀಗ."

ಅಳಿಯನಿಗೆ ಇದೊಂದೂ ತಲೆಗೆ ಹೋಗಲಿಲ್ಲ. ಎರಡು ವಾರ ಡಬ್ಬಿ ಊಟ ತಿಂದು ನಾಲಿಗೆ ಸತ್ತುಹೋಗಿದ್ದವನಿಗೆ ಬಿಸಿ ಅನ್ನ, ಹುರಿದ ಮೀನು ಬಿಟ್ಟು ಬೇರೆ ಲೋಕದ ಪರಿವೆ ಇರಲಿಲ್ಲ. ಅವನಿಗೆ ಕೆಲಸ ಒಂದು ಹಗಲಿನ ಬಸ್ ದಾರಿಯಾಚೆಯ ಬಯಲಿನಲ್ಲಿ, ಭೂಮಿಯೊಳಗೆ ಹೀಲಿಯಂ ಅನಿಲ ಹುಡುಕುವ ಕಂಪನಿಯೊಂದರಲ್ಲಿ. ಎರಡು ವಾರ ಅಲ್ಲಿ, ಒಂದು ವಾರ ಇಲ್ಲಿ. ಕೊರೆದ ಬಾವಿಯಿಂದ ಬರುವ ಅನಿಲವನ್ನು ಸಣ್ಣ ಉಕ್ಕಿನ ಬಾಟಲಿಗಳಿಗೆ ಹಿಡಿದು, ಚೀಟಿ ಅಂಟಿಸಿ, ಲ್ಯಾಬಿಗೆ ಹೋಗುವ ವ್ಯಾನಿಗೆ ಹತ್ತಿಸುವುದು ಅವನ ಕೆಲಸ.

ಮಾವನನ್ನು ಬೀದಿಯವರೆಲ್ಲ ಬಲೂನಣ್ಣ ಎನ್ನುತ್ತಾರೆ. ಹೆಂಡತಿ ಬಲೂನಕ್ಕ. ಅಣ್ಣನ ಹೆಂಡತಿ ಅತ್ತಿಗೆಯಾಗಬೇಕಲ್ಲವೇ ಅಂತ ಕೇಳಬೇಡಿ, ಬೀದಿಗೆ ಅಷ್ಟು ಸೂಕ್ಷ್ಮ ಬರುವುದಿಲ್ಲ. ರಸ್ತೆಯ ತಿರುವಿನಲ್ಲಿ ಅವರ ಅಂಗಡಿ. ಒಂದೇ ಕೋಣೆ, ಒಂದೇ ಶಟರ್, ಗೋಡೆಗೆ ಸರಪಳಿಯಲ್ಲಿ ಬಿಗಿದ ಎರಡು ಹೀಲಿಯಂ ಸಿಲಿಂಡರ್. ಹುಟ್ಟುಹಬ್ಬ, ಮದುವೆ, ಹೊಸ ಅಂಗಡಿಯ ಉದ್ಘಾಟನೆ, ಎಲ್ಲಕ್ಕೂ ಬಲೂನು ಇಲ್ಲಿಂದಲೇ ಹೋಗಬೇಕು. ಊರು ಸುತ್ತಿ ಆರ್ಡರ್ ತರುವವನು ಅಣ್ಣ, ಮಾತಿನ ಮಲ್ಲ. ಕೂತು ದುಡಿಯುವವಳು ಅಕ್ಕ. ಬಲೂನಿನ ಬಾಯನ್ನು ಬೆರಳಿಗೆ ಸುತ್ತಿ ಗಂಟು ಹಾಕಿ ಹಾಕಿ ಅವಳ ತೋರುಬೆರಳು ಜಡ್ಡುಗಟ್ಟಿದೆ. ಅಂಗಡಿಗೆ ಅವಳದೇ ಒಂದು ಕಟ್ಟಳೆ ಉಂಟು: ಗಿರಾಕಿ ಬಾಗಿಲಿಗೆ ಬರುವ ತನಕ ಬಲೂನು ತುಂಬಬಾರದು. ಹೀಲಿಯಂ ರಬ್ಬರಿನೊಳಗೆ ನಿಲ್ಲುವ ಜಾತಿಯಲ್ಲ. ತುಂಬಿದ ಗಳಿಗೆಯಿಂದಲೇ ಸೋರಲು ಶುರು, ಮರುದಿನ ಬೆಳಿಗ್ಗೆ ಬಲೂನು ಮಂಡಿಯ ಮಟ್ಟಕ್ಕೆ ಬಂದಿರುತ್ತದೆ.

ಅಳಿಯ ಮೊದಲು ಇದೇ ಅಂಗಡಿಗೆ ಲಾರಿಯಲ್ಲಿ ಸಿಲಿಂಡರ್ ತಂದು ಇಳಿಸುತ್ತಿದ್ದವನು. ಸಿಲಿಂಡರ್ ಇಳಿಸಿ ಇಳಿಸಿ ಒಂದು ದಿನ ಮಗಳ ಮನಸ್ಸನ್ನೂ ಹೊತ್ತುಕೊಂಡು ಹೋದ. ಆಗ ಬಲೂನಣ್ಣ ಅವನನ್ನು "ಲೋ, ಮೆಲ್ಲಗೆ ಉರುಳಿಸೋ" ಎನ್ನುತ್ತಿದ್ದ. ಮದುವೆಯಾದ ಮೇಲೆ "ಏನಪ್ಪಾ" ಆಯಿತು. ಅವನು ಹೀಲಿಯಂ ಕಂಪನಿ ಸೇರಿ, ಬಲೂನಣ್ಣ ಅದರ ಶೇರು ಕೊಂಡ ಮೇಲೆ "ಅಳಿಯಂದಿರು" ಆಯಿತು.

ಶೇರು ಕೊಂಡದ್ದು ಕಳೆದ ವರ್ಷ, ಸಿಲಿಂಡರಿನ ಬೆಲೆ ಎರಡನೇ ಸಲ ಏರಿದಾಗ. "ಕೊಂಡು ಕೊಂಡು ಸಾಕಾಯ್ತು, ಇನ್ನು ಮಾರೋರ ಕಡೆ ಹೋಗೋಣ," ಎಂದು ಅವನು ಅಂಗಡಿ ಕೋಣೆ ಕೊಳ್ಳಲೆಂದು ಇಬ್ಬರೂ ಕೂಡಿಟ್ಟಿದ್ದ ದುಡ್ಡನ್ನು ಪೂರ್ತಿ ಅದಕ್ಕೆ ಸುರಿದ. ಹೆಂಡತಿಯನ್ನು ಕೇಳಿದ. ಅವಳು ಬೇಡ ಅಂದಳು. ಆದರೂ ಹಾಕಿದ. ಕೇಳಿದ್ದೇ ತನ್ನ ದೊಡ್ಡ ಗುಣ ಎಂದು ಇವತ್ತಿಗೂ ಹೇಳಿಕೊಳ್ಳುತ್ತಾನೆ.

ಕಂಪನಿಯವರು ಅಳಿಯನಿಂದ ಒಂದು ಸಹಿ ಹಾಕಿಸಿಕೊಂಡಿದ್ದರು: ಬಾವಿಯ ವಿಷಯ ಹೊರಗೆ ಬಾಯಿ ಬಿಡಬಾರದು, ಬಿಟ್ಟರೆ ಕೆಲಸ ಹೋಗುವುದಷ್ಟೇ ಅಲ್ಲ, ಕೋರ್ಟು ಕಚೇರಿ ಅಲೆಯಬೇಕಾಗುತ್ತದೆ. ಹಾಗಾಗಿ ಮಗಳು ಮನೆಯಲ್ಲಿ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಳು: "ಅಪ್ಪ, ಅವನ ಹತ್ರ ಬಾವಿ ಸುದ್ದಿ ಒಂದು ಮಾತೂ ಕೇಳಬಾರದು."

ಬಲೂನಣ್ಣ ಕೇಳಲಿಲ್ಲ. ಕೇಳಬಾರದು ಅಂದಿದ್ದರೇ ಹೊರತು ನೋಡಬಾರದು ಅಂತ ಯಾರೂ ಅಂದಿರಲಿಲ್ಲ.

ಅಂಗಡಿಯ ಪಕ್ಕದ ಟೈಲರ್ ಹೊಲಿಗೆ ಯಂತ್ರದ ಚಕ್ರ ನಿಲ್ಲಿಸಿ ಕಾಯುತ್ತಿದ್ದ. "ಏನಂತೆ?" ಎಂದು ಕಣ್ಣಲ್ಲೇ ಕೇಳಿದ.

"ಮೂರು ಸಲ," ಅಂದ ಬಲೂನಣ್ಣ, ಸುತ್ತ ನೋಡಿ. "ಮೂರು ಸಲ ಅನ್ನ. ಮೀನು ಲೆಕ್ಕವಿಲ್ಲ. ಹೊಟ್ಟೆಯಲ್ಲಿ ಒಳ್ಳೆ ಸುದ್ದಿ ಇಲ್ಲದವನು ಹಾಗೆ ಉಣ್ಣಲ್ಲ ಕಣಯ್ಯ."

ಟೈಲರ್ ಅಂದೇ ಮಧ್ಯಾಹ್ನ ಶೇರು ಕೊಂಡ. ಮರುದಿನ ಬೀದಿಯ ಇನ್ನಿಬ್ಬರು ಕೊಂಡರು.

ಬಲೂನಣ್ಣ ಆರಕ್ಕೆ ಕೊಂಡ ಶೇರಿನ ಬೆಲೆ ಆ ವಾರ ಹದಿಮೂರಾಗಿತ್ತು. ನೆಲದಿಂದ ಒಂದೇ ಒಂದು ಸಿಲಿಂಡರ್ ಹೀಲಿಯಂ ತೆಗೆದು ಮಾರಿದ ಕಂಪನಿಯಲ್ಲ ಅದು. ಅಲ್ಲಿ ಇರುವುದು ನಾಲ್ಕು ಕ್ಯಾಬಿನ್, ಬಾವಿ ಕೊರೆಯುವ ಒಂದು ಬಾಡಿಗೆ ರಿಗ್ಗು, ನೀರಿನ ಟ್ಯಾಂಕರು ಎಂದು ಅಳಿಯನೇ ಹಿಂದೆ ಯಾವಾಗಲೋ ಹೇಳಿದ್ದ. ಆದರೆ ಬಾವಿಯ ಪರೀಕ್ಷೆ ಹತ್ತಿರ ಬರುತ್ತಿತ್ತು. ಬಲೂನಣ್ಣನ ಮೊಬೈಲಿನಲ್ಲಿ ಟೈ ಕಟ್ಟಿದ ಒಬ್ಬ ಮನುಷ್ಯ ದಿನಕ್ಕೊಂದು ವಿಡಿಯೋದಲ್ಲಿ ಬಂದು, ಅನಿಲದಲ್ಲಿ ನೂರಕ್ಕೆ ಐದು ಭಾಗ ಹೀಲಿಯಂ ಸಿಗುವುದು ಖಂಡಿತ, ಶೇರು ಮೂವತ್ತಕ್ಕೆ ಹೋಗುತ್ತದೆ ಎಂದು ಕೈ ಬೀಸಿ ಹೇಳುತ್ತಿದ್ದ. ಬಲೂನಣ್ಣ ಹಲ್ಲುಜ್ಜುವಾಗಲೂ ಅವನನ್ನು ಕೇಳುತ್ತಿದ್ದ.

ಅದೇ ವಾರ ಕಟ್ಟಡದ ಒಡತಿ ಅಂಗಡಿಗೆ ಬಂದಳು. ವಯಸ್ಸಾದ ಹೆಂಗಸು, ತಂಗಿಯ ಊರಿಗೆ ಹೋಗಿ ಇರುವವಳಿದ್ದಳು.

"ಕೋಣೆ ಮಾರ್ತಿದ್ದೀನಮ್ಮ," ಎಂದಳು ಬಲೂನಕ್ಕನಿಗೆ. "ಮೊಬೈಲ್ ಅಂಗಡಿಯವನು ಮೂರು ಸಲ ಬಂದು ಹೋದ. ನಿಮಗೇ ಮೊದಲು ಅಂತ ಹೇಳಿ ಕಳಿಸಿದ್ದೀನಿ. ಬರೋ ತಿಂಗಳ ಕೊನೆ ತನಕ ಕಾಯ್ತೀನಿ. ಆಮೇಲೆ ನನ್ನನ್ನ ಬೈಕೋಬೇಡಿ."

ಅವಳು ಹೇಳಿದ ಬೆಲೆ ಕೇಳಿ ಬಲೂನಕ್ಕ ಗೋಡೆಗೆ ಒರಗಿ ನಿಂತಳು. ಜಾಸ್ತಿ ಅಂತಲ್ಲ. ಶೇರನ್ನು ಇವತ್ತು ಮಾರಿದರೆ ಹೆಚ್ಚುಕಡಿಮೆ ಅಷ್ಟೇ ಬರುತ್ತಿತ್ತು. ಸಾಲವಿಲ್ಲದೆ, ಯಾರ ಹಂಗಿಲ್ಲದೆ, ಹದಿನೆಂಟು ವರ್ಷ ತಾನು ಕೂತ ಜಾಗ ತನ್ನದಾಗುವುದು ಕೈಗೆಟುಕುವಷ್ಟು ಹತ್ತಿರದಲ್ಲಿತ್ತು. ಅವಳಿಗೆ ಆ ಕೋಣೆ ಬೇಕಾಗಿತ್ತು. ಬೇರೆ ಯಾವುದನ್ನೂ ಅವಳು ಜೀವನದಲ್ಲಿ ಅಷ್ಟು ಬಯಸಿರಲಿಲ್ಲ.

ಸಂಜೆ ಆಲೂಗಡ್ಡೆ ಹೆಚ್ಚುತ್ತ ಗಂಡನಿಗೆ ಹೇಳಿದಳು. "ನಾಳೆನೇ ಮಾರಿಬಿಡಿ."

"ನಾಳೆ? ಪರೀಕ್ಷೆ ಮುಂದೆ ಇಟ್ಕೊಂಡು? ತಲೆ ಕೆಟ್ಟಿದೆಯಾ ನಿನಗೆ?"

"ಕೋಣೆಗೆ ಸರಿಯಾಗಿ ಆಗುತ್ತೆ ರೀ. ಇನ್ನೇನು ಬೇಕು?"

"ಮೂವತ್ತಾದರೆ ಕೋಣೆ ಯಾಕೆ, ಕಟ್ಟಡಾನೇ ತಗೋಬಹುದು."

"ನನಗೆ ಕಟ್ಟಡ ಬೇಡ. ನಾನು ಒಂದೇ ಕುರ್ಚಿ ಮೇಲೆ ಕೂರೋದು."

"ನಿನ್ನ ಆಸೆನೇ ಸಣ್ಣದು."

"ಹೌದು. ಅದಕ್ಕೇ ತೀರುತ್ತೆ," ಎಂದು ಅವಳು ಆಲೂಗಡ್ಡೆಯನ್ನು ಪಾತ್ರೆಗೆ ಸುರಿದಳು.

ಆಸ್ಪತ್ರೆಯ ಸ್ಕ್ಯಾನ್ ವಿಭಾಗದಿಂದ ಆಗತಾನೇ ಬಂದಿದ್ದ ಮಗಳು ಚೀಲ ಕೆಳಗಿಟ್ಟು ಅಮ್ಮನ ಪಕ್ಷ ಹಿಡಿದಳು. "ಅಪ್ಪ, ಹೀಲಿಯಂ ಬೇಕಾದ ವಸ್ತು ಅನ್ನೋದು ನಿಜ. ನಮ್ಮ ಸ್ಕ್ಯಾನ್ ಮೆಷಿನ್ನಿಗೂ ಬೇಕು. ಆದರೆ ಹದಿಮೂರು ಅನ್ನೋ ಬೆಲೆಯೊಳಗೆ ಅದೆಲ್ಲ ಆಗಲೇ ಸೇರಿಬಿಟ್ಟಿದೆ. ಜನ ಸಿಕ್ಕೇಬಿಟ್ಟಿದೆ ಅಂದ್ಕೊಂಡೇ ಕೊಡ್ತಿರೋ ಬೆಲೆ ಅದು."

"ಸಿಕ್ಕ ಮೇಲೆ ಇನ್ನೂ ಏರುತ್ತೆ."

"ಅಂದ್ಕೊಂಡಷ್ಟು ಸಿಗದೆ ಇದ್ದರೆ?"

"ನಿನ್ನ ಗಂಡನ ಮುಖ ನೋಡಿದ್ದೀನಮ್ಮ ನಾನು," ಅಂದುಬಿಟ್ಟ ಬಲೂನಣ್ಣ. ಆಮೇಲೆ ನಾಲಿಗೆ ಕಚ್ಚಿಕೊಂಡ. ಮಗಳು ಗಮನಿಸಲಿಲ್ಲ. ಅಜ್ಜಿ ಗಮನಿಸಿದಳು. ಅಡುಗೆಮನೆಯ ಬಾಗಿಲಲ್ಲಿ ನಿಂತ ಬಲೂನಕ್ಕನೂ ಗಮನಿಸಿದಳು, ಮೀನು ಬಿಟ್ಟು ಓಡಿದ್ದು ಯಾಕೆಂದು ಅವಳಿಗೆ ಆಗ ಹೊಳೆಯಿತು.

ಅಲ್ಲಿಂದ ಮನೆಯಲ್ಲಿ ಯಾರಿಗೂ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಬಲೂನಣ್ಣ ಆರ್ಡರ್ ಮರೆತ. ಒಂದು ಮದುವೆಗೆ ಬಿಳಿ ಬಲೂನು ಹೋಗಬೇಕಾದಲ್ಲಿ ಕಪ್ಪು ಕಳಿಸಿ ಬೈಸಿಕೊಂಡ. ಶೇರು ಒಂದು ದಿನ ಹದಿನಾಲ್ಕಾದರೆ ಅವನು ಸ್ನಾನದ ಮನೆಯಲ್ಲಿ ಹಾಡುವುದು, ಹನ್ನೆರಡಾದರೆ ನಲ್ಲಿ ಸರಿಯಾಗಿ ಮುಚ್ಚಿಲ್ಲ ಎಂದು ಎಲ್ಲರ ಮೇಲೆ ಹರಿಹಾಯುವುದು. ಬಲೂನಕ್ಕ ದಿನಾ ಬೆಳಿಗ್ಗೆ ತಿಂಡಿಯ ಜೊತೆ ಒಂದು ಸಲ, ರಾತ್ರಿ ಪಾತ್ರೆ ತೊಳೆಯುತ್ತ ಒಂದು ಸಲ "ಮಾರಿ" ಎನ್ನುತ್ತಿದ್ದಳು. ಅವನು ಅದನ್ನು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಒಡತಿ ಅಂಗಡಿಯ ಮುಂದೆ ಹಾದುಹೋಗುವಾಗೆಲ್ಲ ಬಲೂನಕ್ಕ ಏನೋ ಹುಡುಕುವವಳಂತೆ ಬಗ್ಗಿಬಿಡುತ್ತಿದ್ದಳು.

ಅಳಿಯ ಮತ್ತೆ ಎರಡು ವಾರ ದುಡಿದು ಬಂದ. ಬಾಗಿಲಲ್ಲೇ ಚೀಲ ಇಳಿಸಿ, "ಸುಸ್ತಾಗಿದೆ ಅತ್ತೆ," ಅಂದ. ಬಲೂನಣ್ಣ ಅಂಗಡಿಗೆ ಬೀಗ ಹಾಕಿಕೊಂಡು ಊಟಕ್ಕೆ ಬಂದು ಎದುರಿಗೇ ಕೂತ. ಆ ದಿನ ಬಲೂನಕ್ಕ ಕೋಳಿ ಮಾಡಿದ್ದಳು. ಅಳಿಯ ತಟ್ಟೆಯನ್ನು ನೋಡಿದ, ನಾಲ್ಕು ತುತ್ತು ಅನ್ನ ಉಂಡ, ಕೋಳಿಯ ತುಂಡನ್ನು ತಟ್ಟೆಯ ಅಂಚಿಗೆ ಸರಿಸಿದ.

"ಯಾಕೆ ಅಳಿಯಂದಿರೇ?" ಬಲೂನಣ್ಣ ಎತ್ತಿದ ತುತ್ತನ್ನು ತಟ್ಟೆಗೆ ಇಳಿಸಿದ.

"ಹಸಿವಿಲ್ಲ ಮಾವ."

"ಸ್ವಲ್ಪ ಸಾರು?"

"ಬೇಡ."

ಬಲೂನಣ್ಣ ಎಡಗೈಯಲ್ಲಿ ಮೊಬೈಲ್ ತೆಗೆದು ಮೇಜಿನ ಕೆಳಗೆ ಹಿಡಿದುಕೊಂಡ. ಶೇರು ಹದಿಮೂರೂವರೆ ಇತ್ತು. ಬಲಗೈಯನ್ನು ಹಾಗೇ ಅಂಗಿಗೆ ಒರೆಸಿಕೊಂಡು ಪಾಸ್‌ವರ್ಡ್ ಒತ್ತತೊಡಗಿದ. ತಪ್ಪಾಯಿತು. ಮತ್ತೆ ಒತ್ತಿದ.

ಸೌಟು ಹಿಡಿದು ನಿಂತಿದ್ದ ಬಲೂನಕ್ಕ ಗಂಡನನ್ನು ನೋಡಿದಳು. ಅವನು ಮಾರುತ್ತಿದ್ದಾನೆ ಎಂದು ಅವಳಿಗೆ ಅವನ ಹೆಗಲು ನೋಡಿಯೇ ತಿಳಿಯಿತು. ಆಮೇಲೆ ಅಳಿಯನ ಕಡೆ ತಿರುಗಿದಳು. ಅವನ ಎಡಗೆನ್ನೆ ಊದಿತ್ತು. ಅವನು ಅಗಿಯುತ್ತಿದ್ದದ್ದೆಲ್ಲ ಬಲಗಡೆಯಲ್ಲಿ. ಬಂದಾಗಲೇ ಅವಳು ಅದನ್ನು ಕಂಡಿದ್ದಳು, ಕೇಳಬೇಕು ಅಂದುಕೊಳ್ಳುವಷ್ಟರಲ್ಲಿ ಒಲೆಯ ಮೇಲೆ ಹಾಲು ಉಕ್ಕಿತ್ತು.

ಅವಳು ಅನ್ನದ ಪಾತ್ರೆಗೆ ಮುಚ್ಚಳ ಹಾಕಿದಳು. ತೆಗೆದಳು. ಮತ್ತೆ ಹಾಕಿದಳು. ಮಂಚದ ಮೇಲಿಂದ ಅಜ್ಜಿ ಕಣ್ಣು ಮಿಟುಕಿಸದೆ ಅವಳನ್ನೇ ನೋಡುತ್ತಿದ್ದಳು.

"ಬಂತು," ಎಂದು ಬಲೂನಣ್ಣ ತನಗೆ ತಾನೇ ಗೊಣಗಿಕೊಂಡ. ಪಾಸ್‌ವರ್ಡ್ ಸರಿಯಾಗಿತ್ತು.

ಅಳಿಯ ಲೋಟ ಎತ್ತಿ ನೀರು ಕುಡಿದ. ತಣ್ಣನೆಯ ನೀರು ಹಲ್ಲಿಗೆ ತಾಗಿದ್ದೇ ತಡ, ಕಣ್ಣು ಮುಚ್ಚಿ ಹೆಗಲು ಕುಗ್ಗಿಸಿ ಕೂತುಬಿಟ್ಟ. ಕಣ್ಣಂಚಿನಲ್ಲಿ ನೀರು ಬಂತು.

"ಯಾವ ಹಲ್ಲೋ?" ಅಂದಳು ಬಲೂನಕ್ಕ.

"ಹಿಂದಿಂದು ಅತ್ತೆ. ಐದು ದಿನ ಆಯ್ತು."

"ಐದು ದಿನದಿಂದ ಹೀಗೆ ಒದ್ದಾಡ್ತಿದ್ದೀಯಾ? ಅಲ್ಲಿ ಡಾಕ್ಟರ್ ಇಲ್ವಾ? ತಡಿ, ಉಪ್ಪು ನೀರು ಬಿಸಿ ಮಾಡ್ತೀನಿ. ತಣ್ಣೀರು ಮುಟ್ಟಬೇಡ."

ಬಲೂನಣ್ಣನ ಬೆರಳು ಮೊಬೈಲಿನ ಮೇಲೆ ನಿಂತಿತು. "ಹಲ್ಲಾ?" ಅಂದ. "ಹಲ್ಲು ನೋವಾ? ಅಷ್ಟೇನಾ?"

"ಅಷ್ಟೇನಾ ಅಂದ್ರೆ? ಪ್ರಾಣ ಹೋಗ್ತಿದೆ ಮಾವ."

"ಅಯ್ಯೋ ದೇವರೇ, ಹಲ್ಲು ನೋವು!" ಬಲೂನಣ್ಣ ಮೊಬೈಲ್ ಜೇಬಿಗಿಟ್ಟು ನಗತೊಡಗಿದ. ನಕ್ಕು ನಕ್ಕು ಕೆಮ್ಮು ಬಂತು. "ಹಲ್ಲು ನೋವಂತೆ ಕಣೇ!"

ಬಲೂನಕ್ಕ ಒಲೆಯ ಕಡೆ ತಿರುಗಿಕೊಂಡಿದ್ದಳು, ಅವಳ ಮುಖ ಯಾರಿಗೂ ಕಾಣಲಿಲ್ಲ.

ಅಳಿಯನಿಗೆ ವಿಷಯ ಗೊತ್ತಾದದ್ದು ಮರುದಿನ, ಹಲ್ಲಿನ ಡಾಕ್ಟರ ಹತ್ತಿರ ಹೋಗುವ ದಾರಿಯಲ್ಲಿ. ಟೈಲರ್ ಅಂಗಡಿಯಿಂದ ಇಳಿದು ಬಂದು, "ಹಲ್ಲಿಂದಂತೆ, ಹೌದಾ? ನಾನು ನಿನ್ನೆ ನಿಮ್ಮ ಮಾವ ನಾಲ್ಕೇ ತುತ್ತು ಅಂದದ್ದಷ್ಟೇ ಕೇಳಿ, ಪೂರ್ತಿ ಕೇಳದೆ ಗಾಬರಿಯಾಗಿ ಅರ್ಧ ಮಾರಿಬಿಟ್ಟೆನಲ್ಲ ಮಾರಾಯ! ಇವತ್ತು ಎಷ್ಟು ಸಲ ಹಾಕಿಸಿಕೊಂಡ್ರಿ?" ಎಂದು ಕೇಳಿದ. ಅಳಿಯ ದಾರಿಯಲ್ಲೇ ಹಿಂದಿರುಗಿದ. ಬಾಯಲ್ಲಿ ಲವಂಗದೆಣ್ಣೆಯ ಹತ್ತಿ ಇಟ್ಟುಕೊಂಡೇ ಅವನು ಮಾಡಿದ ಗಲಾಟೆ ಬೀದಿಗೆಲ್ಲ ಕೇಳಿಸಿತು.

"ನನ್ನ ತಟ್ಟೆ ನೋಡಿ ಶೇರು ತಗೋತೀರಾ? ಬೀದಿಗೆಲ್ಲ ಹೇಳ್ತೀರಾ? ಕಂಪನಿಗೆ ಗೊತ್ತಾದರೆ ನನ್ನ ಗತಿ ಏನು?"

"ನಾನು ಏನಾದರೂ ಕೇಳಿದ್ನಾ?" ಬಲೂನಣ್ಣನೂ ಬಿಡಲಿಲ್ಲ. "ನನ್ನ ಮನೆಯಲ್ಲಿ, ನನ್ನ ಎದುರಿಗೆ ಕೂತು ಉಣ್ಣೋನನ್ನ ನೋಡೋದೂ ತಪ್ಪಾ?"

"ಅಪ್ಪ!" ಮಗಳು ನಡುವೆ ಬಂದು ನಿಂತಳು. "ಅವನ ಕೆಲಸ ಹೋದರೆ ನೀವು ಕೊಡ್ತೀರಾ?"

"ಮಾವ, ನನಗೆ ಏನೂ ಗೊತ್ತಿಲ್ಲ," ಅಳಿಯ ಕುರ್ಚಿಯಲ್ಲಿ ಕುಸಿದ. "ಆ ಅನಿಲಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಬಾಟಲಿಗೆ ಹಿಡಿದು, ತಿರುಪು ಬಿಗಿದು ಕಳಿಸ್ತೀನಿ. ಲ್ಯಾಬಿಂದ ಬರೋ ಉತ್ತರ ಎಂಜಿನಿಯರ್ ಮೇಡಂಗೆ ಹೋಗುತ್ತೆ. ಅವರು ನಮ್ಮ ಹತ್ರ ಹವಾಮಾನದ ವಿಷಯ ಬಿಟ್ಟು ಬೇರೆ ಮಾತಾಡಲ್ಲ. ನಿಜ ಹೇಳಬೇಕಂದ್ರೆ," ಅವನು ತಲೆ ತಗ್ಗಿಸಿದ, "ನಾವೂ ಹುಡುಗರೆಲ್ಲ ಊಟದ ಕ್ಯಾಬಿನ್ನಿನಲ್ಲಿ ಆ ಮೇಡಂ ಎಷ್ಟು ತಿಂತಾರೆ ಅಂತಲೇ ನೋಡ್ತೀವಿ."

ಅಜ್ಜಿ ಮಂಚದ ಮೇಲೆ ಕೂತು ಅಲುಗಾಡಿ ಅಲುಗಾಡಿ ನಗುತ್ತಿದ್ದಳು. "ಪಾಪ, ಆ ಮೇಡಂ ಯಾರ ತಟ್ಟೆ ನೋಡ್ತಾಳೋ!"

"ನೋಡಿದ್ರಾ?" ಬಲೂನಕ್ಕ ಗಂಡನ ಮುಂದೆ ಬಂದು ನಿಂತಳು. "ಅವನಿಗೆ ಗೊತ್ತಿಲ್ಲ, ನಿಮಗೆ ಗೊತ್ತಿಲ್ಲ, ಆ ಟೈ ಕಟ್ಟಿದೋನಿಗೂ ಗೊತ್ತಿಲ್ಲ. ಈಗಲಾದರೂ ಮಾರಿ. ನಾನು ಕೈ ಮುಗಿದು ಕೇಳ್ತೀನಿ."

ಬಲೂನಣ್ಣ ತಲೆ ಕೆರೆದುಕೊಂಡ. ನಾಚಿಕೆಯಾಗಿದ್ದು ನಿಜ. ಆದರೆ ಅವನ ಕಣ್ಣಲ್ಲಿ ಇನ್ನೊಂದು ಹೊಳಪೂ ಇತ್ತು. "ಇವರಿಗೆ ಗೊತ್ತಿಲ್ಲ ಅಂದರೆ ಕೆಟ್ಟ ಸುದ್ದಿ ಇಲ್ಲ ಅಂತಾಯ್ತಲ್ಲ?" ಅಂದ. "ಇನ್ನೊಂದು ಹದಿನೈದು ದಿನ. ಒಡತಿ ಗಡುವಿಗೆ ಮೊದಲೇ ಪರೀಕ್ಷೆ ಮುಗಿಯುತ್ತೆ. ಮುಗಿದ ದಿನ ಮಾರ್ತೀನಿ, ನಿನ್ನ ಮೇಲೆ ಆಣೆ."

"ನನ್ನ ಮೇಲೆ ಇಡಬೇಡಿ. ಆ ಮೊಬೈಲ್ ಮೇಲೆ ಇಡಿ," ಎಂದು ಅವಳು ಪೊರಕೆ ತೆಗೆದುಕೊಂಡು ಅಂಗಳಕ್ಕೆ ಹೋದಳು.

ಫಲಿತಾಂಶ ಬಂದದ್ದು ಒಂದು ಬೆಳಿಗ್ಗೆ, ಅಂಗಡಿ ತೆಗೆದು ಕಸ ಗುಡಿಸುವ ಹೊತ್ತಿಗೆ. ಹೀಲಿಯಂ ಸಿಕ್ಕಿತ್ತು. ಅನಿಲದಲ್ಲಿ ನೂರಕ್ಕೆ ಎರಡು ಭಾಗ. ಅರ್ಧ ಭಾಗವಿದ್ದರೂ ತೆಗೆಯುವುದು ಲಾಭ ಎಂದು ಎಂಜಿನಿಯರ್‌ಗಳು ಹೇಳುತ್ತಿದ್ದರಂತೆ. ಅದರ ನಾಲ್ಕು ಪಟ್ಟು ಸಿಕ್ಕಿತ್ತು.

ಬಲೂನಣ್ಣ ಕುಣಿದ. ರಸ್ತೆಗೆ ಹೋಗಿ ಟೈಲರನನ್ನು ತಬ್ಬಿಕೊಂಡ. ಒಳಗೆ ಬಂದು, ಗಿರಾಕಿಯಿಲ್ಲ ಏನಿಲ್ಲ, ಸಿಲಿಂಡರಿನ ತಿರುಪು ತೆಗೆದು ಬಲೂನು ತುಂಬತೊಡಗಿದ. ಕೆಂಪು, ಹಳದಿ, ನೀಲಿ.

"ಏನು ರೀ ಇದು? ಯಾರಿಗೆ?"

"ನಮಗೆ! ನಮಗೇ ಕಣೇ! ಹದಿನೆಂಟು ವರ್ಷ ಊರವರ ಮನೆಗೆ ಕಟ್ಟಿದ್ವಿ, ಒಂದು ದಿನ ನಮ್ಮ ಅಂಗಡಿಗೆ ಕಟ್ಟೋಣ. ಗಂಟು ಹಾಕು."

ಅವಳು ಬೇಡ ಎನ್ನಬೇಕೆಂದಿದ್ದಳು. ಆದರೆ ಅವನ ಮುಖ ಹಾಗೆ ಬೆಳಗುತ್ತಿದ್ದದ್ದನ್ನು ನೋಡಿ ಎಷ್ಟೋ ಕಾಲವಾಗಿತ್ತು. ಅವಳಿಗೂ ಸಂತೋಷ ತಡೆಯಲಾಗಲಿಲ್ಲ. ಕೂತು ಗಂಟು ಹಾಕಿದಳು. ಮಾಡು ಪೂರ್ತಿ ಬಲೂನುಗಳಿಂದ ತುಂಬಿಹೋಯಿತು, ಬಣ್ಣಬಣ್ಣದ ದಾರಗಳು ಅವರ ಮುಖಕ್ಕೆ ತಾಗುತ್ತಿದ್ದವು. "ಮಾರಿ ಈಗ," ಅಂದಳು ನಗುತ್ತಲೇ.

ಅವನು ಮೊಬೈಲ್ ತೆಗೆದ. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದ.

ಶೇರು ಒಂಬತ್ತಾಗಿತ್ತು.

"ತಪ್ಪು ತೋರಿಸ್ತಿದೆ," ಅಂದ. ನೋಡುತ್ತಿದ್ದಂತೆ ಎಂಟೂವರೆಯಾಯಿತು.

ಆಸ್ಪತ್ರೆಯಲ್ಲಿದ್ದ ಮಗಳಿಗೆ ಫೋನು ಮಾಡಿದ. "ಸಿಕ್ಕಿದೆಯಲ್ಲಮ್ಮ! ಸಿಕ್ಕಿದ ಮೇಲೆ ಯಾಕೆ ಇಳೀತಿದೆ? ಸಿಗದೆ ಇದ್ದಾಗ ಹದಿಮೂರು, ಸಿಕ್ಕಾಗ ಎಂಟಾ? ಇದು ಯಾವ ಊರ ನ್ಯಾಯ?"

"ಎಲ್ಲರೂ ಐದು ಸಿಗುತ್ತೆ ಅಂದ್ಕೊಂಡು ಕೊಂಡಿದ್ರು ಅಪ್ಪ. ಬಂದಿದ್ದು ಎರಡು. ಅದೂ ಅಲ್ಲದೆ ಇನ್ನೊಂದು ಬಾವಿ ತೋಡೋಕೆ ದುಡ್ಡು ಬೇಕು ಅಂತ ಕಂಪನಿಯವರು ಹೊಸ ಶೇರು ಏಳಕ್ಕೇ ಕೊಡ್ತಿದ್ದಾರಂತೆ. ಏಳಕ್ಕೆ ಸಿಗೋದನ್ನ ಹದಿಮೂರು ಕೊಟ್ಟು ಯಾರು ತಗೋತಾರೆ?" ಅವಳು ತಡೆದು ಕೇಳಿದಳು: "ಮಾರಿದ್ರಾ?"

ಅವನು ಫೋನನ್ನು ಹೆಂಡತಿಯ ಕೈಗೆ ಕೊಟ್ಟು ಸ್ಟೂಲಿನ ಮೇಲೆ ಕೂತ. ಬಲೂನಕ್ಕ ಮಗಳ ಮಾತು ಪೂರ್ತಿ ಕೇಳಿದಳು. ಫೋನು ಇಟ್ಟು, "ಆ ದೊಡ್ಡ ಬಂಗಲೆಯವರು ನೆನಪಿದ್ದಾರಾ?" ಅಂದಳು. "ಇನ್ನೂರು ಬಲೂನು ಹೇಳಿದ್ರು, ಇನ್ನೂರೂ ಕೊಟ್ವಿ. ಆದರೂ ಮುಖ ಸಣ್ಣ ಮಾಡಿದ್ರು. ಕೇಳಿದ್ರೆ, ಪಕ್ಕದ ಮನೆಗಿಂತ ಜಾಸ್ತಿ ಕಾಣುತ್ತೆ ಅಂದ್ಕೊಂಡಿದ್ವಿ ಅಂದ್ರು. ಹಾಗೇ ಇದೂ."

"ಈಗ ಮಾರಿದ್ರೆ ಮುಕ್ಕಾಲು ಕೋಣೇನೂ ಬರಲ್ಲ ಕಣೇ."

"ಗೊತ್ತು. ಆದರೂ ಮಾರಿ. ಉಳಿದದ್ದಕ್ಕೆ ಸಾಲ ಕೇಳೋಣ."

"ಒಂದೆರಡು ದಿನ. ಮತ್ತೆ ಮೇಲೆ ಬರುತ್ತೆ."

ಅವಳು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತೇನೋ. ಮರುದಿನ ಅವಳು ಶಟರ್ ಎತ್ತಿದಾಗ ಬಲೂನುಗಳು ಮೊಣಕಾಲೆತ್ತರದಲ್ಲಿ ತೂಗಾಡುತ್ತಿದ್ದವು. ಕಾಲಿನಿಂದ ಸರಿಸಿ ದಾರಿ ಮಾಡಿಕೊಂಡು ಕುರ್ಚಿಗೆ ಹೋಗಿ ಕೂತಳು. ಒಂದೊಂದನ್ನೇ ಹಿಡಿದು ಗಂಟು ಬಿಚ್ಚಲು ನೋಡಿದಳು. ಅವಳ ಗಂಟು ಬಿಚ್ಚುವಂಥದ್ದಲ್ಲ, ಕತ್ತರಿಸಬೇಕಾಯಿತು.

ಶೇರು ಮೇಲೆ ಬರಲಿಲ್ಲ, ಐದಕ್ಕೆ ಇಳಿಯಿತು. ಸಾಲ ಕೊಡುವವರು ಕೈಯಲ್ಲಿ ಅರ್ಧವಾದರೂ ಇಟ್ಟುಕೊಂಡು ಬನ್ನಿ ಅಂದರು. ತಿಂಗಳ ಕೊನೆಗೆ ಒಡತಿ ಬಂದಾಗ ಬಲೂನಣ್ಣ ಊರಿನಲ್ಲೇ ಇರಲಿಲ್ಲ, ಯಾವುದೋ ಆರ್ಡರಿನ ನೆಪ ಹೇಳಿ ಹೋಗಿದ್ದ. ಬಲೂನಕ್ಕ ನೆಲ ಒರೆಸಿ, ಗೋಡೆಯ ಮೊಳೆ ಕಿತ್ತು, ಸರಪಳಿ ಬಿಚ್ಚಿ, ಶಟರ್ ಎಳೆದು ಬೀಗದ ಕೈ ಕೊಟ್ಟಳು.

"ಬೇಜಾರಾಯ್ತಮ್ಮ," ಅಂದಳು ಒಡತಿ.

"ನನಗೂ," ಅಂದಳು ಬಲೂನಕ್ಕ. ಮನೆ ತಲುಪುವ ತನಕ ತಡೆದುಕೊಂಡು, ಆಮೇಲೆ ಬಚ್ಚಲಲ್ಲಿ ನಲ್ಲಿ ಬಿಟ್ಟು ಅತ್ತಳು.

ಸಿಲಿಂಡರುಗಳು ಮನೆಯ ಮುಂದಿನ ಕೋಣೆಗೆ ಬಂದವು, ಅಜ್ಜಿಯ ಮಂಚ ಅಡುಗೆಮನೆಗೆ ಹೋಯಿತು. "ಒಳ್ಳೇದೇ ಆಯ್ತು," ಅಂದಳು ಅಜ್ಜಿ, "ಇನ್ನು ಯಾರು ಕದ್ದು ತಿಂತಾರೆ ಅಂತ ನೋಡಬಹುದು." ತಿರುವಿನಿಂದ ಒಳಗಿದ್ದ ಮನೆಗೆ ಗಿರಾಕಿಗಳು ದಾರಿ ಕೇಳಿಕೊಂಡು ಬರಬೇಕಿತ್ತು. ಕೆಲವರು ಬಂದರು, ಹಲವರು ಬರಲಿಲ್ಲ. ಟೈಲರ್ ಬಲೂನಣ್ಣನ ಜೊತೆ ಮಾತು ಬಿಟ್ಟ.

ಅಳಿಯ ಮುಂದಿನ ಸಲ ಬಂದಾಗ ಹಲ್ಲು ಕಿತ್ತಿಸಿಕೊಂಡಿದ್ದ. ಬಲೂನಕ್ಕ ಅವತ್ತೂ ಮೀನು ಹುರಿದಿದ್ದಳು. ಸಿಲಿಂಡರುಗಳ ಪಕ್ಕ ಮೇಜು ಸರಿಸಿಕೊಂಡು ಎಲ್ಲರೂ ಕೂತರು. ಅವನು ಹಸಿದಿದ್ದ. ಮೊದಲ ಸಲದ ಅನ್ನ ಗಳಿಗೆಯಲ್ಲಿ ಮುಗಿಯಿತು. ತಟ್ಟೆ ಮುಂದೆ ಚಾಚುವಷ್ಟರಲ್ಲಿ ಎದುರಿಗಿದ್ದ ಮಾವನ ಕಣ್ಣು ಕಂಡ. ಕಂಪನಿ ಎರಡನೇ ಬಾವಿ ಕೊರೆಯಲು ಶುರುಮಾಡಿತ್ತು, ಶೇರು ಇನ್ನೂ ಬಲೂನಣ್ಣನ ಕೈಯಲ್ಲೇ ಇತ್ತು. ಅವನು ಏನೂ ಕೇಳಲಿಲ್ಲ. ಸುಮ್ಮನೆ ತಟ್ಟೆಯನ್ನೇ ನೋಡುತ್ತಿದ್ದ.

ಅಳಿಯ ತಟ್ಟೆಯನ್ನು ಹಿಂದಕ್ಕೆಳೆದುಕೊಂಡು, "ಸಾಕು ಅತ್ತೆ," ಅಂದ.

ಬಲೂನಕ್ಕ ಗಂಡನ ಮುಖ ನೋಡಿದಳು. ಎದ್ದು, ಅಳಿಯನ ತಟ್ಟೆಯನ್ನು ಕೈಯಲ್ಲಿ ಎತ್ತಿಕೊಂಡಳು. "ನೀನು ಬಾ ಒಳಗೆ," ಅಂದಳು.

ಅಡುಗೆಮನೆಯಲ್ಲಿ ಮಂಚದ ಅಂಚಿನಲ್ಲಿ ಅವನನ್ನು ಕೂರಿಸಿ, ತಟ್ಟೆ ಕೈಗೆ ಕೊಟ್ಟು, ಬಾಗಿಲು ಮುಂದೆ ಮಾಡಿದಳು. ಅಜ್ಜಿ ಕಾಲು ಮಡಚಿ ಜಾಗ ಕೊಟ್ಟಳು. ಅವನು ಮೆಲ್ಲಗೆ ಹೇಳಿದ: "ಆವತ್ತು ನೀವು ಹಲ್ಲಿನ ವಿಷಯ ಎತ್ತದೆ ಇದ್ದಿದ್ದರೆ ಮಾವ ಎಲ್ಲಾ ಮಾರಿಬಿಡ್ತಿದ್ರಂತೆ. ಹದಿಮೂರೂವರೆಗೆ. ಅಜ್ಜಿ ಹೇಳಿದ್ರು."

"ಹೂಂ."

"ಅವರು ಮಾರ್ತಿದ್ದದ್ದು ನಿಮಗೆ ಆಗಲೇ ಗೊತ್ತಿತ್ತಾ?"

"ಗೊತ್ತಿತ್ತು."

"ಎರಡು ನಿಮಿಷ ಸುಮ್ಮನಿದ್ದಿದ್ರೆ ಅಂಗಡಿ ನಿಮ್ಮದಾಗ್ತಿತ್ತಲ್ಲ ಅತ್ತೆ. ಯಾಕೆ ಕೇಳಿದ್ರಿ?"

ಬಲೂನಕ್ಕ ಪಾತ್ರೆಯ ಮುಚ್ಚಳ ತೆಗೆದು, ಅನ್ನವನ್ನು ಸೌಟಿನಿಂದ ಬಿಡಿಸಿದಳು. ಬಿಸಿ ಹಬೆ ಎದ್ದಿತು.

"ನಿನ್ನ ಕೆನ್ನೆ ಊದಿತ್ತಲ್ಲೋ," ಅಂದಳು. "ಹಿಡಿ ತಟ್ಟೆ."

ಅವನು ಹಿಡಿದ.